ಚಂದ್ರಕಾಂತ ಟಾಕೀಸಿನ ಅಳತೆ

ಅಕ್ಕಿಪೇಟೆಯ ಬೆನ್ನಿಗೆ, ಲಾರಿಗಳು ಮೂಟೆ ಇಳಿಸುವ ಓಣಿ.
ಟೇಪಿನ ಒಂದು ತುದಿ ನನ್ನ ಕೈಲಿ,
ಇನ್ನೊಂದು ರವೂಫ್ ಸಾಬರ ಕೈಲಿ.
ಮೂವತ್ತೊಂದು ವರ್ಷ ಇಲ್ಲಿ ಟಾರ್ಚು ಹಿಡಿದ ಕೈ ಅದು,
ಹೆಬ್ಬೆರಳು ಈಗಲೂ ಗುಂಡಿ ತಡಕುತ್ತದೆ.
"ಅಳ್ತೆ ತಗೊಂಡು ಏನ್ ಮಾಡ್ತೀರಾ ಮೇಡಂ,
ಟಾಕೀಸಿಗೆ ಅಂಗಿ ಹೊಲಿಸ್ತೀರಾ?"

ಹೂಂ ಅಂದೆ.
ಸರ್ವೆ ಇಲಾಖೆಯಲ್ಲಿ ಕೆರೆಗಳ ನಕ್ಷೆ ಬರೆದವಳು ನಾನು.
ಬರೆದ ಕೆರೆಗಳಲ್ಲಿ ನೀರು ಎಷ್ಟಕ್ಕಿದೆ, ಕೇಳಬೇಡಿ,
ಒಂದರಲ್ಲಿ ಬಸ್ಸು ನಿಲ್ಲುತ್ತವೆ.
ನಿವೃತ್ತಿಯಾದ ಮೇಲೆ ಭಾನುವಾರಕ್ಕೊಂದು ಟಾಕೀಸು.
ಮನೆಯಲ್ಲಿ ಇದಕ್ಕೆ ಹುಚ್ಚು ಅನ್ನುತ್ತಾರೆ, ನಾನೂ ಬೇರೆ ಹೆಸರಿಟ್ಟಿಲ್ಲ.

ಅಗಲ ಅರವತ್ತೆರಡು ಅಡಿ, ಉದ್ದ ನೂರಾ ಹದಿನೆಂಟು.
ಗಾಂಧಿ ಕ್ಲಾಸಿಗೆ ಬರೀ ಬೆಂಚು,
ಅದರ ಹಿಂದಿನವರಿಗೆ ಒರಗಲು ಒಂದು ಹಲಗೆ,
ಬಾಲ್ಕನಿಗೆ ಕೆಂಪು ರೆಕ್ಸಿನ್;
ತಿಗಣೆ ಮಾತ್ರ ಎಲ್ಲರಿಗೂ ಸಮಪಾಲು.

ಹೆಂಗಸರ ಕ್ಯೂ, ಕಬ್ಬಿಣದ ಪಂಜರ.
ತುಕ್ಕು ಹಿಡಿದ ಸರಳು ಒಂದೇ ಕಡೆ ಬೆಳ್ಳಗೆ ಸವೆದಿದೆ,
ನೆಲದಿಂದ ಮೂರಡಿ ನಾಲ್ಕಂಗುಲಕ್ಕೆ,
ಬಳೆಗಳು ತಾಗುವ ಎತ್ತರಕ್ಕೆ.
ಸೀಮೆಎಣ್ಣೆಗೆ ಹೋಗಿಬರ್ತೀನಿ ಅಂತ ಹೇಳಿ
ಖಾಲಿ ಡಬ್ಬ ಹಿಡಿದು ಮ್ಯಾಟ್ನಿಗೆ ಬರುತ್ತಿದ್ದಳು ನನ್ನಮ್ಮ.
ಆ ಸವೆತದಲ್ಲಿ ಅವಳದೊಂದು ಕೂದಲೆಳೆಯಷ್ಟು ಇದ್ದೀತು.
ಅದನ್ನು ಯಾವ ಸ್ಕೇಲಿನಲ್ಲಿ ಬರೆಯಲಿ?

ಮೇಲೆ ಆಪರೇಟರ್ ರೂಮು.
ಕಾರ್ಬನ್ನಿನ ಮಸಿ ಕುಡಿದ ಚಾವಣಿ,
ಗೋಡೆಯಲ್ಲಿ ಎರಡು ಕಂಡಿ, ಒಂದರಲ್ಲಿ ಗುಬ್ಬಿಯ ಗೂಡು.
ಪಕ್ಕದಲ್ಲಿ ಪೆನ್ಸಿಲಿನ ಅಕ್ಷರ:
*ಎಂಟನೇ ರೀಲು ಸೈಕಲ್ ಮೇಲಿದೆ. ಮಳೆ.*
ಎರಡು ಟಾಕೀಸಿಗೆ ಒಂದೇ ಪ್ರಿಂಟು ಹಂಚಿಕೊಂಡ ಕಾಲ,
ಹುಡುಗನೊಬ್ಬ ಕಾಟನ್‌ಪೇಟೆಯಿಂದ ತುಳಿದು ಬರುವ ತನಕ
ಕೆಳಗೆ ಏಳುನೂರು ಬಾಯಿ ಶಿಳ್ಳೆ.
"ಆ ಹುಡುಗ ನಾನೇ," ಅಂದರು ಸಾಬರು,
ಇಷ್ಟು ಹೊತ್ತೂ ಹೇಳದೆ ಇದ್ದದ್ದನ್ನು.
"ಮೊದಲು ಸೈಕಲ್, ಆಮೇಲೆ ಟಾರ್ಚು. ಪ್ರಮೋಷನ್."

ಮಧ್ಯಾಹ್ನ ಮಾಲೀಕರ ಮೊಮ್ಮಗ ಬಂದ, ಹೇಮಚಂದ್ರ.
ಕಾಫಿ ತರಿಸಿದ, ಕುರ್ಚಿ ಒರೆಸಿಕೊಟ್ಟ.
ಆರು ಮಹಡಿ, ಕೆಳಗೆ ಎರಡು ಪಾರ್ಕಿಂಗ್ ಅಂದ.
ಕರೆಂಟು ಬಿಲ್ಲು ತೋರಿಸಿದ, ಸೋರುವ ಮೂಲೆ ತೋರಿಸಿದ,
ಕೊನೆಗೆ ಬಹಳ ಮೆಲ್ಲಗೆ,
"ನೀವು ಇಲ್ಲಿ ಕೊನೇ ಸಲ ಟಿಕೆಟ್ ತಗೊಂಡಿದ್ದು ಯಾವಾಗ, ಆಂಟಿ?"

ಕಾಫಿ ಬಿಸಿಯಿತ್ತು. ಊದುತ್ತಾ ಕೂತೆ.

ಉಳಿದದ್ದು ನೆಲದ ಇಳಿಜಾರು.
ಲೆವೆಲ್ ಕೊಳವೆ ಒಡೆದಿತ್ತು.
ಸಾಬರು ಬಾಲ್ಕನಿ ಕೆಳಗಿನ ಸೀಟೊಂದರ ಸಂದಿಗೆ ಕೈಹಾಕಿ
ಸೋಡಾ ಬಾಟಲಿಯ ಹಸಿರು ಗೋಲಿ ತೆಗೆದರು,
ಯಾವ ಇಂಟರ್ವಲ್ಲಿನದೋ.
"ಬಿಡಿ, ಇದು ಸುಳ್ಳು ಹೇಳಲ್ಲ."

ಬಿಟ್ಟೆ.
ಕತ್ತಲೆಯಲ್ಲಿ ಕಾಣಲಿಲ್ಲ, ಕೇಳಿಸಿತು ಅಷ್ಟೇ.
ಮೊದಲು ಅನುಮಾನಿಸುತ್ತಾ, ಆಮೇಲೆ ಧೈರ್ಯವಾಗಿ
ಒರಗುವ ಹಲಗೆಗಳನ್ನು ದಾಟಿ, ಬರೀ ಬೆಂಚುಗಳನ್ನು ದಾಟಿ
ಪರದೆಯ ಕಡೆಗೆ, ಎಲ್ಲರ ಕಣ್ಣೂ ಹೋಗುತ್ತಿದ್ದ ಕಡೆಗೆ
ಗರಗರ ಗರಗರ ಹೋಗಿ
ತಟ್ಟನೆ ನಿಂತಿತು. ಗೋಡೆಗೆ ಬಡಿದ ಸದ್ದೇ ಇಲ್ಲ.

ಹೋಗಿ ನೋಡಿದರೆ ವಾಚ್‌ಮನ್ ಮಗಳು ಬಸಮ್ಮ,
ನಾಲ್ಕು ವರ್ಷವಿರಬಹುದು, ಹರಿದ ಪರದೆಯ ಬುಡದಲ್ಲಿ
ಮುಷ್ಟಿ ಬಿಗಿಹಿಡಿದು ಕೂತಿದ್ದಾಳೆ.
"ಕೊಡವ್ವ," ಅಂದೆ.
"ಕೊಡಂಗಿಲ್ಲ," ಅಂದಳು.
ಸಾಬರು ಬೆರಳು ಚಾಚಿ, ಇಲ್ಲದ ಟಾರ್ಚಿನಿಂದ
ಅವಳಿಗೆ ಮುಂದಿನ ಸಾಲಿನ ಸೀಟು ತೋರಿಸಿದರು.
ಹೋಗಿ ಕೂತಳು, ಕಾಲು ನೆಲಕ್ಕೆ ಎಟುಕದೆ.

ಬುಧವಾರ ಸಮಿತಿಯ ಮುಂದೆ ನಕ್ಷೆ ಇಡಬೇಕು.
ಅವರು ಏನಂತಾರೋ ಗೊತ್ತಿಲ್ಲ.
ಇಂಚಿಗೆ ಎಂಟಡಿ, ಉತ್ತರ ಮೇಲಕ್ಕೆ.
ಪರದೆಯಿಂದ ಎರಡಡಿ ಈಚೆ ಒಂದು ಸಣ್ಣ ಸೊನ್ನೆ ಬರೆದು
ಪಕ್ಕಕ್ಕೆ ಟಿಪ್ಪಣಿ ಹಾಕಿದ್ದೇನೆ:
*ಗೋಲಿ ಇಲ್ಲಿಯವರೆಗೆ ಬಂತು.*