ತುಂಡಿಗೊಂದು ಕಣ್ಣು

ಬೆಳಗಿನ ಐದೂಕಾಲು, ಹಾಸನದ ಸ್ಟೇಡಿಯಂ.
ಸ್ವಿಚ್ಚಿನ ಕೋಣೆಗೆ ಬೀಗ. ಕೀಲಿ ಮರೆತ ನಂಜಪ್ಪ
ಚಳಿಗೆ ಬೈಯುತ್ತಾನೆ, ನನಗಲ್ಲ.
ಕತ್ತಲಲ್ಲೇ ಶುರುಮಾಡುತ್ತೇವೆ. ಚೆಂಡು ಕಾಣದು, ಕೇಳುತ್ತದೆ.
ಯಾರ ಡ್ರಿಬಲ್ ಯಾವುದೆಂದು ಕಿವಿಗೆ ಗೊತ್ತು:
ಸಾಲಗಾರ ಕದ ಬಡಿದಂತೆ ಬಡಿಯುವವನು ಇಮ್ದಾದ್,
ನೆಲಕ್ಕೆಲ್ಲಿ ನೋವಾದೀತೋ ಎಂದು ತಟ್ಟುವವನು ಆಲೂರಿನ ಲೋಕಿತ್,
ನಡುನಡುವೆ ಒಂದು ಬಡಿತ ನುಂಗುವವನು ವಿನ್ಸಿ.
ಎಡಮಂಡಿ ಇನ್ನೂ ಸರಿಹೋಗಿಲ್ಲ,
ನನಗೆ ಹೇಳಿಲ್ಲ.

ಹನ್ನೊಂದು ಸೋಲು, ನಾಲ್ಕು ಗೆಲುವು, ಇನ್ನು ಐದು ಬಾಕಿ.
ಕೊನೆಯ ಎರಡು ತಂಡ ಲೀಗಿನಿಂದ ಹೊರಗೆ.
ನಮ್ಮ ಕೆಳಗಿರುವುದು ಒಂದೇ.

ಯಜಮಾನರದು ಆಲೂಗೆಡ್ಡೆ ಮಂಡಿ.
ಸಂಬಳ ತಡವಾದ ತಿಂಗಳು ಎರಡು ಮೂಟೆ ಕಳಿಸಿದರು.
ಹುಡುಗರು ನಕ್ಕರು, ಬೈದರು,
ಬೇಯಿಸಿ ಉಪ್ಪು ಉದುರಿಸಿ ತಿಂದರು.
ಮಂಜುಗಡ್ಡೆಯೂ ಅಲ್ಲಿಂದಲೇ, ಗೋಣಿಯಲ್ಲಿ ಸುತ್ತಿಕೊಂಡು.
‘ಮಂಡಿಯಿಂದ ಮಂಡಿಗೆ’ ಅಂತ ಇಮ್ದಾದ್.
ವಿನ್ಸಿ ಮಾತ್ರ ನಗಲಿಲ್ಲ.

ಶಿವಮೊಗ್ಗದಲ್ಲಿ ಟೇಬಲ್ಲಿನವರು ನನ್ನನ್ನೇ ಕೇಳಿದರು,
‘ಕೋಚ್ ಎಲ್ಲಮ್ಮ? ಇನ್ನೂ ಬಂದಿಲ್ವಾ?’
ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು ನಾನು,
ತಡವಾಗಿ ಬರುವುದಕ್ಕೂ ಬಾರದೇ ಇರುವುದಕ್ಕೂ
ವ್ಯತ್ಯಾಸ ಬಲ್ಲೆ.
‘ಬಂದು ಹತ್ತು ವರ್ಷ ಆಯಿತು’ ಅಂದು ಸಹಿ ಹಾಕಿದೆ.

ಶಿರಾಡಿ ಮುಚ್ಚಿತ್ತು. ಮೂಡಿಗೆರೆ ಸುತ್ತಿ ಚಾರ್ಮಾಡಿ ಇಳಿದೆವು.
ಕೊಟ್ಟಿಗೆಹಾರದಲ್ಲಿ ರಾತ್ರಿ ಎರಡರ ಟೀ, ಆಮೇಲೆ ಮೂವರಿಗೆ ವಾಂತಿ.
ಮಂಗಳೂರಿನಲ್ಲಿ ಶೂ ಲೇಸು ಬಸ್ಸಿನಲ್ಲೇ ಕಟ್ಟಿಕೊಂಡರು.
ಮೂವತ್ತೊಂದು ಅಂಕದಿಂದ ಸೋತೆವು.
ಹಿಂದಿರುಗುವಾಗ ಕೊನೆಯ ಸೀಟಿನಲ್ಲಿ ಯಾರೋ ಅತ್ತರು.
ನಾನು ತಿರುಗಿ ನೋಡಲಿಲ್ಲ.
ಅದೂ ತರಬೇತಿಯೇ.

ಸಂಬಳ ಕೇಳಲು ಮಂಡಿಗೆ ಹೋದ ಮಧ್ಯಾಹ್ನ
ಯಜಮಾನರಿರಲಿಲ್ಲ. ಕೆಂಚಮ್ಮ ಕೂತು
ಬಿತ್ತನೆ ಗೆಡ್ಡೆ ಕುಯ್ಯುತ್ತಿದ್ದಳು, ಒಂದೊಂದನ್ನೂ ತಿರುಗಿಸಿ ತಿರುಗಿಸಿ.
‘ತುಂಡಿಗೊಂದು ಕಣ್ಣಿರ್ಬೇಕು ಕಣವ್ವ,
ಇಲ್ದಿದ್ರೆ ಮಣ್ಣಲ್ಲಿ ಕೊಳೀತದೆ, ಅಷ್ಟೆಯ.’

ಅವತ್ತು ರಾತ್ರಿ ನಲವತ್ತು ನಿಮಿಷಗಳನ್ನು ಕುಯ್ಯಲು ಕೂತೆ.
ಹನ್ನೆರಡು ಹುಡುಗರು. ಸಮಪಾಲು ಸುಳ್ಳು, ಅದು ಅವರಿಗೂ ಗೊತ್ತು.
ಆದರೆ ಎರಡೇ ನಿಮಿಷ ಸಿಗುವವನಿಗೂ
ಏನು ನೋಡಬೇಕೆಂದು ಬರೆದುಕೊಟ್ಟೆ.
ವಿನ್ಸಿಯ ಚೀಟಿ ಮಾತ್ರ ಎಷ್ಟು ಹೊತ್ತಾದರೂ ಖಾಲಿ.
ಬೆಳಿಗ್ಗೆ ಬಾಯಲ್ಲೇ ಹೇಳಿದೆ: ‘ಕ್ಯಾಪ್ಟನ್, ಕೂರು.’
ಅವನು ಕೂತ. ಮಂಡಿಯ ಟೇಪು ಬಿಚ್ಚಿದ, ಒಂದೊಂದೇ ಸುತ್ತು.
ಆ ಪರಪರ ಸದ್ದು
ಹದಿಮೂರು ವರ್ಷದ ಉದ್ದ ಇತ್ತು.

ಕೊನೆಯ ಪಂದ್ಯ ನಮ್ಮೂರಲ್ಲೇ.
ಒಂದು ಅಂಕ ಮುಂದೆ, ಒಂಬತ್ತು ಸೆಕೆಂಡು, ಚೆಂಡು ಅವರದು.
ಐದನೇ ಫೌಲಿಗೆ ಇಮ್ದಾದ್ ಆಚೆ ಬಂದಿದ್ದಾನೆ.
ಟೈಮ್‌ಔಟ್ ಮುಗಿದಿದೆ, ನನ್ನ ಗಂಟಲೂ ಮುಗಿದಿದೆ.
ಒಳಗೆ ಹೊಳೆನರಸೀಪುರದ ಸುಮುಖ, ಎರಡು ನಿಮಿಷದ ಹುಡುಗ.
ಅವನ ಚೀಟಿಯಲ್ಲಿದ್ದದ್ದು ಒಂದೇ ಸಾಲು:
ಏಳನೇ ನಂಬರಿನವನ ಎಡಪಾದ.

ಪಾದ ತಿರುಗಿತು.
ಚೆಂಡಿಗಿಂತ ಮೊದಲು ಸುಮುಖ ಅಲ್ಲಿದ್ದ, ಎದೆಯೊಡ್ಡಿ ನಿಂತು,
ಡಿಕ್ಕಿ, ಸೀಟಿ, ಬೆನ್ನಮೇಲೆ ಜಾರಿ ಗೆರೆಯಾಚೆ.
ಬಿದ್ದಲ್ಲಿಂದ ಅವನು ನೋಡಿದ್ದು
ರೆಫರಿಯನ್ನಲ್ಲ, ನನ್ನನ್ನೂ ಅಲ್ಲ,
ಬೆಂಚಿನ ಮೇಲೆ ಎದ್ದು ನಿಂತಿದ್ದ ವಿನ್ಸಿಯನ್ನು.

ಲೀಗಿನಲ್ಲಿ ಉಳಿದೆವು.
ಎರಡು ತಿಂಗಳ ಸಂಬಳವೂ ಉಳಿದಿದೆ.

ಮಾರನೆಯ ದಿನ ರಜ ಕೊಟ್ಟಿದ್ದೆ.
ಅಭ್ಯಾಸಬಲ, ಐದೂಕಾಲಿಗೆ ಹೋದೆ. ನಂಜಪ್ಪ
ಅಪರೂಪಕ್ಕೆ ದೀಪ ಹಾಕಿದ್ದ, ಕೋರ್ಟು ಬೆಳ್ಳಗೆ.
ಗೇಟಿನ ಹತ್ತಿರವೇ ನಿಂತು ಕಣ್ಣು ಮುಚ್ಚಿದೆ.
ಒಂದು ಬಡಿತ. ಇನ್ನೊಂದು.
ನುಂಗಿದ್ದೊಂದು.
ಮತ್ತೆ ಒಂದು.