ತೂತುಳ್ಳ ಎಲೆ

ಮಿನ್ಕಜ್ಜಿಗೆ ಈಗ ಕಣ್ಣು ಮಂಜು. ಆದರೂ
ರೊದೋಪಿ ಬೆಟ್ಟದ ನಮ್ಮ ಗಿಡಮೂಲಿಕೆ ಮಳಿಗೆಯಲ್ಲಿ
ಅವಳು ಮೂಸದೆ ಒಂದು ಚೀಲವೂ ತಕ್ಕಡಿ ಹತ್ತುವುದಿಲ್ಲ.
ನಾನು ತೂಕದವನು. ಲೆಕ್ಕದ ಪುಸ್ತಕ ನನ್ನದು,
ಮಾತು ಅವಳದು.

ಮೊದಲ ವರ್ಷವೇ ಕಲಿಸಿದ್ದಳು:
ಎಲೆಯನ್ನು ಸೂರ್ಯನಿಗೆ ಹಿಡಿ,
ಸೂಜಿ ಚುಚ್ಚಿದ ಹಾಗೆ ತೂತು ಕಾಣಬೇಕು,
ಬೆಳಕು ಸೋರಬೇಕು.
ತೂತಲ್ಲ ಅವು, ಎಣ್ಣೆಯ ಹನಿ, ಎಂದು
ಪ್ಲೊವ್ದಿವ್‌ನಿಂದ ಬಂದ ಪರೀಕ್ಷಕ ತಿದ್ದಿದ.
"ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಾನೆ, ಪಾಪ" ಅಂದಳು.
ಆಮೇಲೆ ಮೊಗ್ಗು. ಹೇನು ಕುಟ್ಟುವ ಹಾಗೆ
ಎರಡು ಉಗುರಿನ ನಡುವೆ ಹಿಸುಕು:
ಹಳದಿಯ ಹೊಟ್ಟೆಯಿಂದ ಕೆಂಪು ಬರಬೇಕು.
ಬಂದರೆ ಕಾಂತಾರಿಯೋನ್. ಬಾರದಿದ್ದರೆ
ಅದರ ದಾಯಾದಿ ಯಾರೋ.

ಆ ದಾಯಾದಿಯನ್ನು ಪೇಟೆಯಲ್ಲಿ ಎಲ್ಲರೂ ಬಲ್ಲರು.
ಬಸ್ ನಿಲ್ದಾಣದ ಎದುರಿನ ವೃತ್ತದಲ್ಲಿ
ನಗರಸಭೆಯೇ ನೆಟ್ಟಿದೆ: ಅಂಗೈಯಗಲ ಹೂ,
ನಡುವೆ ಕೇಸರದ ಕುಚ್ಚು,
ಮದುವೆಗೆ ಹೊರಟ ಚಿಕ್ಕಮ್ಮನ ಹಾಗೆ.
ಬೆಟ್ಟದ್ದು ಇದರ ಮುಂದೆ ಕೂಲಿಯವಳು.
ಉಗುರಿನಷ್ಟು ಹೂ, ದಳದಂಚಿಗೆ ಮಸಿಚುಕ್ಕೆ,
ಕಾಂಡದುದ್ದಕ್ಕೂ ಎರಡು ಏಣು.

ಜೂನ್ ಕೊನೆಯ ಒಂದು ನಸುಕು, ಎನ್ಯೊವ್‌ದೆನ್ ಹಬ್ಬದ ಮರುದಿನ,
ಕಾಮೆನ್ ಬಂದ. ಹಾಲಿನ ಲಾರಿ ಓಡಿಸುವವನು.
ಚೀಲ ಇಳಿಸಿದ. ಹಸಿ, ಹನ್ನೊಂದು ಕಿಲೋ ಇದ್ದೀತು.
ಅಜ್ಜಿ ಒಂದು ಮೊಗ್ಗು ಹಿಸುಕಿದಳು. ಇನ್ನೊಂದು.
ಬೆರಳು ಬರೀ ಹಸಿರು.
"ಎಲ್ಲಿ ಕೊಯ್ದೆ?"
"ಬೆಟ್ಟದಲ್ಲಿ."
"ಬೆಟ್ಟಾನ ಬಸ್ಸು ಸುತ್ತೋದು ಯಾವಾಗಿಂದ?"
ನಾನು ನಕ್ಕೆ. ಅವನು ನಗಲಿಲ್ಲ.

"ಮಾರೋಕೆ ತಂದದ್ದಲ್ಲ. ಒಣಗಿಸಿಕೊಡಿ. ಸೆವ್ದಾಗೆ.
ಮಾರ್ಚಿನಿಂದ ಕಿಟಕಿ ಬಿಟ್ಟು ಏಳ್ತಿಲ್ಲ ಅವಳು.
ದುಃಖಕ್ಕೆ ಹಳದಿ ಹೂವಿನ ಚಹಾ ಅಂತ ಅಮ್ಮ ಹೇಳ್ತಿದ್ದಳು.
ಯಾವ ಹಳದಿ ಅಂತ ಹೇಳಿರಲಿಲ್ಲ."

ಅಜ್ಜಿ ಮೂಲೆಯ ಕಟ್ಟಿನಿಂದ ನಿಜದ್ದೊಂದು ಕಡ್ಡಿ ಎಳೆದು
ಅವನಿಂದಲೇ ಹಿಸುಕಿಸಿದಳು.
ಅಷ್ಟು ದೊಡ್ಡ ಹೆಬ್ಬೆರಳು, ಇಷ್ಟೇ ಇಷ್ಟು ಕೆಂಪು.
"ಇದು ಕುಡಿಯೋದು. ಅದು ನೋಡೋದು."
ಎಷ್ಟಾಯಿತು ಎಂದು ಅವನು ಜೇಬು ತಡಕಿದ.
"ತಡಿ. ಡಾಕ್ಟರು ಮಾತ್ರೆ ಕೊಟ್ಟಿದಾರಾ?"
"ದಿನಕ್ಕೊಂದು. ಬಿಳೀದು."
ಅಜ್ಜಿ ಕಡ್ಡಿಯನ್ನು ಅವನ ಕೈಯಿಂದ ಬಿಡಿಸಿಕೊಂಡಳು.
"ಹಾಗಾದ್ರೆ ಬೇಡ. ಇವೆರಡೂ ಒಂದೇ ಹೊಟ್ಟೇಲಿ
ಜಗಳಕ್ಕೆ ನಿಲ್ತವೆ. ಮಾತ್ರೆ ತಪ್ಪಿಸಬೇಡ."

ಸ್ವಲ್ಪ ಹೊತ್ತು ಅಟ್ಟಣಿಗೆಯಲ್ಲಿ ಒಣಗುವ ಎಲೆಗಳ ಸದ್ದು.
ಆಮೇಲೆ ಅವಳು ಚೀಲವನ್ನು ಬೋರಲು ಹಾಕಿ
ತಡವಿ ತಡವಿ, ಬಿರಿಯದ ಕಡ್ಡಿಗಳನ್ನಷ್ಟೇ ಆರಿಸಿ,
ತುದಿ ಓರೆಯಾಗಿ ಕೊಯ್ದು ಸೆಣಬಿನ ದಾರ ಸುತ್ತಿದಳು,
ಎಷ್ಟೋ ಸಲ ಮದ್ದಲ್ಲವೆಂದು ಬಾಗಿಲಾಚೆ ಎಸೆದ
ಅದೇ ಹೂವಿಗೆ.
"ಕಿಟಕಿ ಹತ್ರ ಇಡು. ನೀರು ದಿನಾ ಬದಲಾಯಿಸಬೇಕು.
ಅವಳ ಕೈಲೇ ಮಾಡಿಸು."
"ವಾಸಿಯಾಗತ್ತಾ ಇದರಿಂದ?"
"ಇಲ್ಲ," ಅಂದಳು.

ಮಧ್ಯಾಹ್ನ ನಗರಸಭೆಯವನೊಬ್ಬ ಬಂದ:
ವೃತ್ತ ರಾತ್ರೋರಾತ್ರಿ ಬೋಳಾಗಿದೆ, ಏನಾದರೂ ಕಂಡಿರಾ?
ನಾನು ಸುಳ್ಳು ಹೇಳಿದೆ. ಏನೂ ಕಾಣಲಿಲ್ಲ ಎಂದು
ಅಜ್ಜಿ ನಿಜವನ್ನೇ ಹೇಳಿದಳು.
ಪುಸ್ತಕ ಅವನು ಕೇಳಲಿಲ್ಲ. ಅದರಲ್ಲಿದೆ ಇನ್ನೂ ಆ ಸಾಲು:
ಕಾಮೆನ್. ತೂಕ ಸೊನ್ನೆ.
ಪಕ್ಕದಲ್ಲಿ, ಬಗ್ಗಿ ಸಹಿ ಹಾಕುವಾಗ
ಹಾಳೆಯನ್ನು ಒತ್ತಿ ಹಿಡಿದ ಹೆಬ್ಬೆರಳು,
ಕಂದುಗಟ್ಟಿದೆ.