ಕೊನೆಗೆ ಕಟ್ಟುವ ಗೋಡೆ

ನಕ್ಷೆಯಲ್ಲಿ ಅದು ಬರೀ ಚುಕ್ಕೆಗೆರೆ.
ಎಂಆರ್‌ಐ ಕೋಣೆಗೆ ಮೊದಲು ಮೂರೇ ಗೋಡೆ,
ನಾಲ್ಕನೆಯದು ಯಂತ್ರ ಒಳಗೆ ಕೂತ ಮೇಲೆ.
ಬಾಗಿಲಿಗೆ ಬಗ್ಗುವ ಜಾತಿಯಲ್ಲ ಅದು.
ಸಾಗರದ ಆಸ್ಪತ್ರೆಯ ಹಿಂಬದಿಗೆ
ಎಂಟು ತಿಂಗಳು ನೀಲಿ ಟಾರ್ಪಾಲೇ ಗೋಡೆ.

ಜನವರಿಗೆ ಹೆಂಗಸರ ವಾರ್ಡು ತೆರವು ಮಾಡಿಕೊಡುತ್ತೇವೆಂದು
ಸಹಿ ಹಾಕಿದ್ದರು. ಕಾಗದ ನನ್ನ ಫೈಲಿನಲ್ಲೇ ಇದೆ.
ಜನವರಿಗೆ ಮಂಗನ ಕಾಯಿಲೆ ಬಂತು.
ಕಾಡಂಚಿನ ಊರುಗಳಿಂದ ಜೀಪು, ಜೀಪಿನ ಹಿಂದೆ ಜೀಪು,
ಇದ್ದ ಮಂಚಕ್ಕೆ ಇನ್ನೊಂದು ಮಂಚ ತಾಗಿಸಿದರು.
ಸೂಪರಿಂಟೆಂಡೆಂಟರು ಕಾಗದದ ಮಾತೆತ್ತಲಿಲ್ಲ,
ನಾನೂ ತೆಗೆಯಲಿಲ್ಲ.
ಲ್ಯಾಪ್‌ಟಾಪಿನ ಬಣ್ಣದ ಪಟ್ಟಿಗಳನ್ನು
ಒಂದೊಂದಾಗಿ ಬಲಕ್ಕೆ ಎಳೆದೆ,
ಮಲಗಿದವರ ಕಾಲಿಗೆ ಹೊದಿಕೆ ಎಳೆದ ಹಾಗೆ.

ನಮ್ಮ ಕೆಲಸಕ್ಕೆ ಒಂದೇ ಕಾನೂನು:
ಓಟಿಯ ಕೆಂಪು ದೀಪ ಹತ್ತಿದರೆ ಡ್ರಿಲ್ಲು ಬಂದ್.
ಸೋಫಿನ್ ಸಿಸ್ಟರ್ ಮಿಸ್ಡ್ ಕಾಲ್ ಕೊಡುತ್ತಾರೆ,
ಒಂದಾದರೆ ನಿಲ್ಲಿಸು, ಎರಡಾದರೆ ಹೊಡಿ.
ನಿಂತಾಗ ಮೇಸ್ತ್ರಿ ಗುತ್ಯಪ್ಪ ಡ್ರಿಲ್ಲಿನ ಮೇಲೆ ಕೈಯಿಟ್ಟು ಕೂರುತ್ತಾನೆ,
ಬಿಸಿ ಆರಲೆಂದು ಎತ್ತಿನ ಹೆಗಲು ಸವರುವವನಂತೆ.
ಮಸ್ಟರ್ ರೋಲಿನಲ್ಲಿ ಈ ಕೂರುವುದಕ್ಕೆ ಕಾಲಂ ಇಲ್ಲ.
ಕ್ಯೂರಿಂಗ್ ಎಂದು ಬರೆದೆ.
ಆಡಿಟ್‌ನವರು ಇನ್ನೂ ಕೇಳಿಲ್ಲ.

ಒಂದು ದಿನ ಕ್ಷಮೆ ಕೇಳಲೆಂದು ವಾರ್ಡಿಗೆ ಹೋದೆ.
"ಸದ್ದಿಂದ ತೊಂದರೆ ಆಯ್ತೇನಮ್ಮ?"
ಹನ್ನೊಂದನೇ ಮಂಚದಿಂದ ಬ್ಯಾಕೋಡಿನ ಹುಚ್ಚಮ್ಮ ಕತ್ತೆತ್ತಿದರು:
"ಸದ್ದಾದ್ರೆ ಎಂತದೂ ಇಲ್ಲ ಮಾರಾಯ್ತಿ, ನಿದ್ದೆ ಬತ್ತದೆ.
ನಿಂತ್ರೇ ಹೆದ್ರಿಕೆ.
ನಿಂತ್ರೆ ಅಲ್ಲಿ ಯಾರನ್ನೋ ಕೊಯ್ತಿದಾರೆ ಅಂತ ಅಲ್ಲನ?"

ಆಮೇಲೆ ನನಗೂ ಅದೇ ಅಂಟಿತು.
ಸದ್ದು ನಿಂತ ಕೂಡಲೇ ಎಣಿಸುತ್ತೇನೆ,
ಇಪ್ಪತ್ತು ನಿಮಿಷ, ಐವತ್ತು,
ಜೇಬಿನಲ್ಲಿ ಎರಡು ಸಲ ನಡುಗಿದರೆ ನನಗೆ ಉಸಿರು.
ಒಂದು ಮಂಗಳವಾರ ಎರಡನೆಯದು ಬರಲೇ ಇಲ್ಲ.
ಐದು ಗಂಟೆಗೆ ಗುತ್ಯಪ್ಪ ಕರಣೆ ತೊಳೆದ,
ಏನೂ ಕೇಳದೆ ಸೈಕಲ್ ಹತ್ತಿದ.

ಯಂತ್ರ ಬಂದದ್ದು ಮಾರ್ಚಿಯಲ್ಲಿ, ರಾತ್ರಿ ಎರಡಕ್ಕೆ,
ಮೆಸ್ಕಾಂ ಹುಡುಗರು ಬಿದಿರುಗಳದಲ್ಲಿ ತಂತಿ ಎತ್ತಿ ಹಿಡಿದಿರಲು
ಅದರಡಿ ತೆವಳಿಕೊಂಡು ಟ್ರೈಲರ್.
ಆರು ಟನ್ನಿನ ಪೆಟ್ಟಿಗೆ ಗೇಟು ದಾಟುವಾಗ
ಸೆಕ್ಯುರಿಟಿ ಖಲಂದರ್ ಸಾಬರು ಎದ್ದು ನಿಂತರು,
ದೊಡ್ಡ ಡಾಕ್ಟರು ಬಂದರೂ ಅವರು ಹಾಗೆ ನಿಲ್ಲುವುದಿಲ್ಲ.
ಕಂಪನಿಯ ಎಂಜಿನಿಯರ್ ಲೆವೆಲ್ ಇಟ್ಟು ನೋಡಿ
ಮೂರು ಮಿಲಿಮೀಟರ್ ವಾರೆ ಎಂದ.
ಬೆಳಗಿನವರೆಗೆ ಅದೇ ಮೂರು ಮಿಲಿಮೀಟರ್.

ನಾಲ್ಕನೇ ಗೋಡೆ ಎರಡು ದಿನದ ಕೆಲಸ.
ಒಳಬದಿಗೆ ತಾಮ್ರದ ತಗಡು ಮುಚ್ಚುವ ಮೊದಲು
ಗುತ್ಯಪ್ಪ ಕಿವಿಯ ಸಂದಿಯ ಪೆನ್ಸಿಲ್ ತೆಗೆದ.
"ಇದರ ಆಯಸ್ಸು ಎಷ್ಟು ಮೇಡಂ?"
"ಹತ್ತು ವರ್ಷ. ಚೆನ್ನಾಗಿ ನೋಡಿಕೊಂಡರೆ ಹನ್ನೆರಡು."
"ಹಂಗಾರೆ ಗೋಡೆದೂ ಅಷ್ಟೇ."
ಇಟ್ಟಿಗೆಯ ಮೇಲೆ ಏನೋ ಗೀಚಿ ಪಕ್ಕಕ್ಕೆ ಸರಿದ.
ಬಗ್ಗಿ ಓದಿದೆ, ಅಕ್ಷರ ಓರೆಕೋರೆ:

ಇಲ್ಲಿಂದ ಹೊಡಿ.
ಕೆಂಪು ದೀಪ ನೋಡ್ಕಂಡು.